ಪತಿಯ ಖಿನ್ನತೆಯ ಚಿಕಿತ್ಸೆಯಲ್ಲಿ ನನ್ನ ಪಾಲೇನು?

ಪ್ರಶ್ನೆ: ನನ್ನ ಪತಿಗೆ ಖಿನ್ನತೆಯಿದೆ ಎಂದು ಮನೋವೈದ್ಯರು ಹೇಳಿ, ಮಾತ್ರೆ ಆರಂಭಿಸಿ ಎರಡು ವಾರವಾಯಿತು. ಮುಂದಿನ ಭೇಟಿಗೆ ಮನೆಯವರೂ ಬರಲಿ ಎಂದಿದ್ದಾರೆ, ಆದರೆ ಪತಿಗೆ ಅದು ಇಷ್ಟವಿಲ್ಲ. "ಮನಸ್ಸು ಗಟ್ಟಿ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ" ಎಂದು ಅತ್ತೆಯವರು ದಿನವೂ ಅವರಿಗೆ ಬುದ್ಧಿ ಹೇಳುತ್ತಾರೆ. ನಾನು ಹೇಗೆ ನಡೆದುಕೊಳ್ಳಲಿ?
– ಹೆಸರು ಬೇಡ

ಉತ್ತರ: ಅವರ ಒಪ್ಪಿಗೆ ಪಡೆದು ಖಂಡಿತ ಹೋಗಿ. ಮನೆಯವರು ಬರುವುದು ಬೇಡವೆನ್ನುವುದು ಪ್ರೀತಿ ಕಡಿಮೆಯಾದುದರ ಗುರುತಲ್ಲ. ತಾನು ಎಲ್ಲರಿಗೂ ಹೊರೆ ಎಂಬ ಭಾವನೆ ಈ ಕಾಯಿಲೆಯಲ್ಲಿ ಸಾಮಾನ್ಯ. ವೈದ್ಯರೆದುರು ತನ್ನ ಮೇಲೆ ದೂರು ಹೇಳಿಬಿಟ್ಟಾರು ಎಂಬ ಅಳುಕೂ ಅದರ ಜೊತೆ ಇರಬಹುದು. ಆದ್ದರಿಂದ ಯಾವ ವಿಷಯ ಮಾತನಾಡಬಹುದು, ಯಾವುದು ಬೇಡ ಎಂದು ಮೊದಲೇ ಕೇಳಿಕೊಳ್ಳಿ; ಭೇಟಿಯ ಕೊನೆಯ ಹತ್ತು ನಿಮಿಷ ಮಾತ್ರ ನೀವು ಒಳಗೆ ಬಂದರಾದೀತೇ ಎಂದೂ ಕೇಳಿನೋಡಿ. ಅವರು ಒಪ್ಪದಿದ್ದರೆ, ಅವರು ಹೇಳಿಕೊಂಡದ್ದನ್ನು ಸಾಮಾನ್ಯವಾಗಿ ವೈದ್ಯರು ನಿಮಗೆ ತಿಳಿಸುವುದಿಲ್ಲ, ಆದರೆ ನೀವು ಕಂಡದ್ದನ್ನು ಕೇಳಿಸಿಕೊಳ್ಳಲು ಅವರಿಗೆ ಅಡ್ಡಿಯಿಲ್ಲ. ನಸುಕಿನ ಎಷ್ಟು ಹೊತ್ತಿಗೆ ಅವರಿಗೆ ಎಚ್ಚರವಾಗುತ್ತದೆ, ತಟ್ಟೆಯಲ್ಲಿ ಎಷ್ಟು ಊಟ ಉಳಿಯುತ್ತದೆ, ಗೆಳೆಯರ ಫೋನ್ ಎತ್ತುವುದನ್ನು ಎಂದಿನಿಂದ ಬಿಟ್ಟಿದ್ದಾರೆ ಎಂಬಂಥ ವಿವರಗಳು, "ಪರವಾಗಿಲ್ಲ" ಎಂದು ಮಾತು ಮುಗಿಸುವ ರೋಗಿಯಿಂದ ವೈದ್ಯರಿಗೆ ಸಿಗುವುದು ಕಷ್ಟ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ದಿನನಿತ್ಯದ ಬುದ್ಧಿಮಾತು. ಖಿನ್ನತೆಯಿಂದ ಚೇತರಿಸಿಕೊಂಡವರಲ್ಲಿ ಕಾಯಿಲೆ ಯಾರಿಗೆ ಮರುಕಳಿಸುತ್ತದೆ ಎಂದು ಜಿಲ್ ಹೂಲಿ ಮತ್ತು ಜಾನ್ ಟೀಸ್‌ಡೇಲ್ ಎಂಬ ಸಂಶೋಧಕರು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ನಿಮ್ಮ ಸಂಗಾತಿ ನಿಮ್ಮನ್ನು ಎಷ್ಟು ಟೀಕಿಸುತ್ತಾರೆ?" ಎಂಬ ಒಂದೇ ಪ್ರಶ್ನೆಗೆ ರೋಗಿ ಕೊಟ್ಟ ಉತ್ತರವೇ ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚನೆ ನೀಡಿತು. ಮನೆಯವರಿಂದಲೇ ಕಾಯಿಲೆ ಬಂತೆಂದು ಇದರ ಅರ್ಥವಲ್ಲ, ಆ ಅಪರಾಧಭಾವ ನಿಮಗಾಗಲಿ ಅತ್ತೆಯವರಿಗಾಗಲಿ ಬೇಡ. ಬೇಸತ್ತ ತಾಯಿ ಕಾಳಜಿಯಿಂದಲೇ ಆಡುವ ಮಾತು, ಹಾಸಿಗೆಯಿಂದೇಳಲು ತ್ರಾಣವಿಲ್ಲದ ಮಗನ ಕಿವಿಗೆ "ತಪ್ಪು ನಿನ್ನದೇ" ಎಂದು ಕೇಳಿಸುತ್ತದೆ. ಸೊಸೆ ವಿವರಿಸಿದರೆ ಅದು ಎದುರುಮಾತಾದೀತು. ಪತಿ ಒಪ್ಪಿದರೆ ಅತ್ತೆಯವರನ್ನೂ ಒಮ್ಮೆ ಕರೆದೊಯ್ಯಿರಿ, ಸೋಮಾರಿತನಕ್ಕೂ ಕಾಯಿಲೆಗೂ ಇರುವ ವ್ಯತ್ಯಾಸವನ್ನು ವೈದ್ಯರೇ ಹೇಳಲಿ. ಮನೆಯಲ್ಲಿ "ಏಳಿ, ಹೊರಗೆ ಹೋಗಿ ಬನ್ನಿ" ಎನ್ನುವುದಕ್ಕಿಂತ "ಐದು ನಿಮಿಷ ನಡೆದು ಬರೋಣವೇ?" ಎಂದು ನೀವೇ ಚಪ್ಪಲಿ ಮೆಟ್ಟಿ ನಿಲ್ಲುವುದು ಒಳ್ಳೆಯದು. ಬೇಡವೆಂದರೆ ಅಂದಿಗೆ ಬಿಟ್ಟುಬಿಡಿ.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಹೇಳಿಕೊಂಡವರ ಮನಸ್ಸು ಹಗುರವಾಗುತ್ತದೆ. ಹೌದೆಂದರೆ ಅದನ್ನು ಗುಟ್ಟಾಗಿಡುವ ಮಾತು ಕೊಡದೆ ಅಂದೇ ವೈದ್ಯರಿಗೆ ತಿಳಿಸಿ. ಮಾತ್ರೆ, ಕೀಟನಾಶಕಗಳನ್ನು ಅವರ ಕೈಗೆಟುಕದಂತೆ ಇಡಿ. ಹೇಗೆಂದು ಯೋಚಿಸಿಟ್ಟಿದ್ದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಎರಡು ವಾರದಲ್ಲಿ ಗುಣ ಕಾಣಲಿಲ್ಲವೆಂದು ಮನೆಯವರೇ ಮಾತ್ರೆ ನಿಲ್ಲಿಸಿಬಿಡುವುದೂ ಉಂಟು. ಅದರ ಪರಿಣಾಮ ಚೆನ್ನಾಗಿ ತಿಳಿಯಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಪೂರ್ತಿ ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ಬಳಿಕ ವೈದ್ಯರ ಸಲಹೆಯಂತೆ ಹಂತಹಂತವಾಗಿ ಕಡಿಮೆ ಮಾಡಬೇಕಾಗುತ್ತದೆ.