ಇನ್‌ಸ್ಟ್ರಕ್ಟರ್ ಆಗಿ ಏರ್‌ಲೈನ್ ಸೇರುವುದು: ನನ್ನ ಲಾಗ್‌ಬುಕ್ಕಿನಿಂದ ಕಳೆದುಹೋದ 46 ಗಂಟೆ

ಅಮೆರಿಕದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದು 250 ಗಂಟೆ ಹಾರಾಟದ ಹತ್ತಿರ ನಿಂತಿರುವ ನೀವು, ಏರ್‌ಲೈನ್ ಸೇರಲು ಬೇಕಾದ 1,500 ಗಂಟೆಯನ್ನು ಬೇಗ ಮುಗಿಸಲು ಹಾರಾಟ ಕಲಿಸುವ ಇನ್‌ಸ್ಟ್ರಕ್ಟರ್ ಕೆಲಸ ಸರಿಯೋ, ಜಾಹೀರಾತಿನ ಬ್ಯಾನರ್ ಎಳೆಯುವ ಅಥವಾ ಸರ್ವೆ ಹಾರಾಟದ ಕೆಲಸ ಸರಿಯೋ ಎಂದು ಕೇಳಿದ್ದೀರಿ. 2018ರಲ್ಲಿ ಫೀನಿಕ್ಸ್‌ನಲ್ಲಿ ನಾನೂ ಇದೇ ಲೆಕ್ಕದಲ್ಲಿದ್ದೆ. ಇನ್‌ಸ್ಟ್ರಕ್ಟರ್ ಆದೆ, ಹತ್ತೊಂಬತ್ತು ತಿಂಗಳಲ್ಲಿ 1,500 ಮುಟ್ಟಿದೆ. ಆದರೂ ಏರ್‌ಲೈನ್ ಸೇರಿದ್ದು ಅದಾಗಿ ಒಂದೂವರೆ ವರ್ಷಕ್ಕೆ.

ಕಾರಣ ಹೇಳುತ್ತೇನೆ. ಏರ್‌ಲೈನ್ ಲೈಸೆನ್ಸಿಗೆ ಒಟ್ಟು 1,500 ಗಂಟೆ ಇದ್ದರೆ ಸಾಲದು. ಅದರೊಳಗೆ 500 ಗಂಟೆ ಕ್ರಾಸ್‌ಕಂಟ್ರಿ, ಅಂದರೆ ದೂರದ ಹಾರಾಟ, 100 ಗಂಟೆ ರಾತ್ರಿ ಹಾರಾಟ, 75 ಗಂಟೆ ಇನ್‌ಸ್ಟ್ರುಮೆಂಟ್ ಹಾರಾಟ, ಅಂದರೆ ಹೊರಗೆ ನೋಡದೆ ಮೀಟರುಗಳನ್ನೇ ನಂಬಿ ಹಾರಿದ್ದು, ಇರಬೇಕು. ನನ್ನ ವಿದ್ಯಾರ್ಥಿಗಳು ಹೊರಗಿನದೇನೂ ಕಾಣದಂತೆ ಹಣೆಗೆ ಹುಡ್ ಕಟ್ಟಿಕೊಂಡು ಮೀಟರುಗಳನ್ನಷ್ಟೇ ನೋಡಿ ಹಾರುವಾಗ, ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ ನಾನು ಆ ಹೊತ್ತನ್ನು, ಹಾರಾಟದ ಗಂಟೆಗಳನ್ನು ಬರೆದಿಡುವ ನನ್ನ ಲಾಗ್‌ಬುಕ್ಕಿನ ಇನ್‌ಸ್ಟ್ರುಮೆಂಟ್ ಕಾಲಂನಲ್ಲೂ ಬರೆದುಕೊಳ್ಳುತ್ತಿದ್ದೆ. ಪಾಠ ನಾನೇ ಮಾಡುತ್ತಿದ್ದೇನೆ, ಹಾಗಾಗಿ ಗಂಟೆಯೂ ನನ್ನದೇ ಎಂದು ನಂಬಿದ್ದೆ. ಅದು ತಪ್ಪು. ಹುಡ್ ಕಟ್ಟಿಕೊಂಡವನ ಕಣ್ಣು ಒಳಗಿರುತ್ತದೆ, ಎದುರಿನಿಂದ ಬರುವ ವಿಮಾನವನ್ನು ನೋಡುವ ಕಣ್ಣು ಇನ್‌ಸ್ಟ್ರಕ್ಟರನದು. ಅಂದರೆ ಅವನು ಹೊರಗೆ ನೋಡುತ್ತಲೇ ಹಾರುತ್ತಿರುತ್ತಾನೆ. ನಿಜವಾಗಿ ಮೋಡದೊಳಗೆ ಹೊಕ್ಕು ಕಲಿಸಿದ ಹೊತ್ತನ್ನು ಮಾತ್ರ ಅವನು ಆ ಕಾಲಂನಲ್ಲಿ ಬರೆದುಕೊಳ್ಳಬಹುದು. ಫೀನಿಕ್ಸ್ ಮರುಭೂಮಿಯ ಊರು. ಹಾರಾಟಕ್ಕೆ ಅಡ್ಡಿಯೇ ಇರುವುದಿಲ್ಲವೆಂದು ಆರಿಸಿಕೊಂಡ ಆ ಬಿಸಿಲೇ ನನಗೆ ಮೋಡ ಸಿಗದಂತೆ ಮಾಡಿತು.

2020ರ ಜನವರಿಯಲ್ಲಿ ಒಂದು ರೀಜನಲ್ ಏರ್‌ಲೈನ್ ನನ್ನನ್ನು ಆಯ್ಕೆ ಮಾಡಿ ಫೆಬ್ರವರಿಯ ತರಬೇತಿ ತಂಡಕ್ಕೆ ಸೇರಿಸಿತ್ತು. ಲಾಗ್‌ಬುಕ್ ಪರಿಶೀಲಿಸಿದವರು ಪೆನ್ಸಿಲ್ ಹಿಡಿದು ಒಂದೊಂದೇ ಸಾಲಿನ ಮುಂದೆ ಗೀಟು ಹಾಕುತ್ತಾ ಹೋದರು. ನಾನು ಬರೆದಿದ್ದ 82 ಗಂಟೆಯಲ್ಲಿ 46 ಹೋಗಿ 36 ಉಳಿಯಿತು. ಬಾಕಿ 39 ಗಂಟೆಯನ್ನು ಕೆಲವು ದಿನ ಸಿಮ್ಯುಲೇಟರಿನಲ್ಲಿ, ಕೆಲವು ಸಂಜೆ ಸಹೋದ್ಯೋಗಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹುಡ್ ಕಟ್ಟಿ, ಕೈಯಿಂದ ದುಡ್ಡು ಹಾಕಿ ಮುಗಿಸುವಷ್ಟರಲ್ಲಿ ಮಾರ್ಚ್ ಬಂದಿತ್ತು. ಕೋವಿಡ್‌ನಿಂದ ನೇಮಕಾತಿ ನಿಂತುಹೋಯಿತು. ಇಲ್ಲಿಯ ಏರ್‌ಲೈನ್‌ಗಳಲ್ಲಿ ಯಾವ ಊರಿನಿಂದ ಹಾರಬೇಕು, ಯಾವ ದಿನ ರಜೆ, ಯಾವಾಗ ಕ್ಯಾಪ್ಟನ್ ಎಂಬುದೆಲ್ಲ ಸೇರಿದ ದಿನಾಂಕದ ಸೀನಿಯಾರಿಟಿಯ ಮೇಲೆ ನಿಂತಿದೆ. ಆ ಫೆಬ್ರವರಿಯಲ್ಲಿ ಸೇರಿದವರು ಇಂದಿಗೂ ಪಟ್ಟಿಯಲ್ಲಿ ನನಗಿಂತ ಮೇಲಿದ್ದಾರೆ, ಕೊನೆಯವರೆಗೂ ಮೇಲೇ ಇರುತ್ತಾರೆ.

ಇಷ್ಟಾದರೂ ನೀವು ಇನ್‌ಸ್ಟ್ರಕ್ಟರ್ ಆಗಿ ಎಂದೇ ನಾನು ಹೇಳುತ್ತೇನೆ, ಆದರೆ ನಿಮ್ಮ ‘ಬೇಗ’ ಎಂಬ ಮಾತನ್ನು ಒಪ್ಪುವುದಿಲ್ಲ. 1,500 ಗಂಟೆಯ ನಿಯಮ ಹುಟ್ಟಿದ್ದೇ 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ. 2010ರಲ್ಲಿ ಕಾನೂನಾಯಿತು, 2013ರಲ್ಲಿ ಜಾರಿಗೆ ಬಂತು. ಆ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದವು. ಸ್ಟಾಲ್, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯ ಎಚ್ಚರಿಕೆ ಬಂದಾಗ ವಿಮಾನದ ಮೂಗು ತಗ್ಗಿಸಬೇಕಿದ್ದ ಕ್ಯಾಪ್ಟನ್, ವಿಮಾನದ ಚುಕ್ಕಾಣಿಯಾದ ಯೋಕನ್ನು ತನ್ನ ಕಡೆಗೆ ಎಳೆದರು.

ತರಬೇತಿಯ ಸಣ್ಣ ವಿಮಾನ ಸೆಸ್ನಾ 172ರ ಬಲಗಡೆಯ ಸೀಟಿನಲ್ಲಿ ಕುಳಿತು ನಾನು ಇದೇ ಎಳೆತವನ್ನು ನೂರಾರು ಸಲ ನೋಡಿದ್ದೇನೆ. ಎಚ್ಚರಿಕೆಯ ಸದ್ದು ಏಳುತ್ತದೆ, ವಿಮಾನ ನಡುಗುತ್ತದೆ, ವಿದ್ಯಾರ್ಥಿಯ ಭುಜಗಳು ಕಿವಿಯವರೆಗೆ ಏರುತ್ತವೆ, ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ, ನೆಲ ಕಂಡ ಭಯಕ್ಕೆ ಕೈ ತಾನಾಗಿ ಹಿಂದಕ್ಕೆ ಎಳೆಯುತ್ತದೆ. ಅವನೇ ತಿದ್ದಿಕೊಳ್ಳಲೆಂದು ಎಷ್ಟು ಹೊತ್ತು ಬಿಡಬೇಕು, ಯಾವ ಕ್ಷಣಕ್ಕೆ ಯೋಕ್ ನಮ್ಮ ಕೈಗೆ ಬರಬೇಕು ಎಂಬ ಅಂದಾಜು ಬ್ಯಾನರ್ ಎಳೆಯುತ್ತಾ ಒಬ್ಬನೇ ಹಾರುವವನಿಗೆ ಬರುವ ದಾರಿ ಕಡಿಮೆ. ಇಂದು ಕಾಕ್‌ಪಿಟ್‌ನಲ್ಲಿ ಇನ್ನೊಬ್ಬರು ಇಳಿಸುವಾಗ ನಾನು ನೋಡುವ ನೋಟ ಆ ಸೀಟಿನಲ್ಲೇ ಕಲಿತದ್ದು.

ಆದ್ದರಿಂದ ಇನ್‌ಸ್ಟ್ರುಮೆಂಟ್ ಹಾರಾಟ ಕಲಿಸುವ ರೇಟಿಂಗನ್ನೂ, ಅಂದರೆ ಆ ಹೆಚ್ಚುವರಿ ಅರ್ಹತೆಯನ್ನೂ, ಮಾಡಿಕೊಳ್ಳಿ, ಸಾಧ್ಯವಿದ್ದರೆ ಮೋಡ ಮುಸುಕುವ ಊರಿನ ಶಾಲೆ ಹುಡುಕಿ. ವಿಮಾನಯಾನದ ಪದವಿ ಇದ್ದರೆ 1,000 ಗಂಟೆಗೇ ಅರ್ಹತೆ ಸಿಗಬಹುದು, ಅದನ್ನು ಮೊದಲು ವಿಚಾರಿಸಿ. ತಿಂಗಳಿಗೊಮ್ಮೆ ಲಾಗ್‌ಬುಕ್ಕಿನ ನಾಲ್ಕೂ ಕಾಲಂಗಳನ್ನು ಬೇರೆ ಬೇರೆ ಕೂಡಿಸಿ, ಅನುಮಾನವಿರುವ ಸಾಲನ್ನು ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರಿಗೆ ಅಂದೇ ತೋರಿಸಿ.