ಕ್ಯಾಮೆರಾದ ಪವರ್ ಬಟನ್ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುತ್ತದೆ, ಯಾಕೆ?

ನಾಲ್ಕೈದು ಸಲ ಒತ್ತಿದ ಮೇಲೆ ಆನ್ ಆಗುತ್ತದೆ ಅಂದರೆ, ಬಟನ್ನಿನ ಒಳಗೆ ಕಿಲುಬು ಹಿಡಿದಿರುವ ಸಾಧ್ಯತೆಯೇ ಜಾಸ್ತಿ. ಅಲ್ಲಿ ಉಬ್ಬಿದ ಒಂದು ಪುಟ್ಟ ಲೋಹದ ತಗಡು ಇರುತ್ತದೆ. ಒತ್ತಿದಾಗ ಅದು ಬಗ್ಗಿ ಕೆಳಗಿನ ಲೋಹಕ್ಕೆ ತಾಗಬೇಕು, ಆಗಲೇ ಕರೆಂಟ್ ಹರಿಯುವುದು. ನಡುವೆ ಕಿಲುಬಿನ ತೆಳು ಪದರ ಕೂತರೆ 'ಟಕ್' ಅನ್ನುತ್ತದೆ, ಆದರೆ ಆನ್ ಆಗುವುದಿಲ್ಲ. ಕಾಸರಗೋಡು, ಕುಂಬಳೆ, ಮಂಜೇಶ್ವರದ ಉಪ್ಪುಗಾಳಿ, ಅದರ ಮೇಲೆ ಆಟಿಯ ಮಳೆ, ಇನ್ನೇನು ಬೇಕು!

ಆದರೆ ಸುಮ್ನೆ ಬಟನ್ನನ್ನೇ ಬೈಯಬೇಡಿ. ಮೊದಲು ಬ್ಯಾಟರಿ ಮುಚ್ಚಳದ ಅಂಚು ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅಲ್ಲಿ ಉಗುರಿನ ತುದಿಯಷ್ಟು ಪ್ಲಾಸ್ಟಿಕ್ ಮೊಳೆ ಇರುತ್ತದೆ, ಮುಚ್ಚಿದಾಗ ಅದು ಒಳಗಿನ ಇನ್ನೊಂದು ಸಣ್ಣ ಸ್ವಿಚ್ಚನ್ನು ಒತ್ತುತ್ತದೆ. ಅದು ಮುರಿದಿದ್ದರೆ ಮುಚ್ಚಳ ತೆರೆದೇ ಇದೆ ಅಂತ ಕ್ಯಾಮೆರಾ ತಿಳಿದುಕೊಂಡು ಏಳುವುದೇ ಇಲ್ಲ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಅದರ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಒಣಬಟ್ಟೆಯಲ್ಲಿ ಒರೆಸಿಯೂ ನೋಡಿ.

ಅದೆಲ್ಲ ಸರಿಯಿದ್ದರೆ ಬ್ಯಾಟರಿ ತೆಗೆದು ಬಟನ್ನನ್ನು ಇಪ್ಪತ್ತು ಮೂವತ್ತು ಸಲ ಒತ್ತಿ, ಉಜ್ಜಿ ಉಜ್ಜಿ ಪದರ ಸ್ವಲ್ಪ ಕಳಚುತ್ತದೆ. ಆಗದಿದ್ದರೆ 99% ಐಸೊಪ್ರೊಪೈಲ್ ಆಲ್ಕೋಹಾಲನ್ನು (ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ) ಕಡ್ಡಿಯ ತುದಿಯಲ್ಲಿ ಒಂದೇ ಹನಿ ಬಟನ್ನಿನ ಸಂದಿಗೆ ಬಿಟ್ಟು, ಮತ್ತೆ ಒತ್ತಿ, ಪೂರ್ತಿ ಒಣಗಿದ ಮೇಲಷ್ಟೇ ಬ್ಯಾಟರಿ ಹಾಕಿ. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಖಂಡಿತ ಬೇಡ.

ಫ್ಲ್ಯಾಷ್ ಇರುವ ಕ್ಯಾಮೆರಾವನ್ನು ನೀವೇ ಬಿಚ್ಚಬೇಡಿ. ಅದರ ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಡುವ ಭಾಗ, ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು.