ಮೇಷ್ಟ್ರೇ, ನಿಮ್ಮ ಪಟ್ಟಿಗೆ ಕೆಂಪು ಗೆರೆ ಎಳೆದಿದ್ದೇನೆ

ಪತ್ರ: "ಕಳೆದ ಸಂಚಿಕೆಯಲ್ಲಿ ಬಾಲಿಯ ಐದು ದಿನದ ಪ್ಯಾಕೇಜ್ ಬಗ್ಗೆ ಬರೆದಿದ್ದೀರಿ. ಇಂಡೋನೇಷ್ಯಾ ಅಂದರೆ ಬಾಲಿ ಒಂದೇನಾ? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು ನಾನು. ಬೋರ್ಡಿನ ಮೇಲೆ ಸುಮಾತ್ರಾ, ಜಾವಾ ಎಂದು ಬರೆದೂ ಬರೆದೂ ಕೈ ಸವೆದಿದೆ, ಒಂದನ್ನೂ ಕಣ್ಣಾರೆ ಕಂಡಿಲ್ಲ. ಈಗ ನಿವೃತ್ತಿಯಾಗಿದೆ. ಬೆನ್ನಿಗೊಂದು ಚೀಲ ಹಾಕಿಕೊಂಡು 28 ದಿನ ತಿರುಗಿ ಬರೋಣ ಎಂದಿದ್ದೇನೆ. ನನ್ನ ಪಟ್ಟಿ ಇದು: ಬುಕಿತ್ ಲಾವಾಂಗ್, ಟೋಬಾ ಸರೋವರ, ಯೋಗ್ಯಕರ್ತ, ಬ್ರೋಮೋ, ಇಜೆನ್, ಬಾಲಿ, ಗಿಲಿ ದ್ವೀಪಗಳು, ಕೊಮೊಡೊ, ಕಾಲಿಮಾಂತಾನ್, ಬಂಡಾ. ವಯಸ್ಸು 61. ಸಸ್ಯಾಹಾರಿಗಳು. ಮನೆಯವರೂ ಬರುತ್ತೇನೆ ಅನ್ನುತ್ತಿದ್ದಾರೆ, ಆದರೆ 'ಬಚ್ಚಲು ಹೇಗಿರುತ್ತೆ, ಮೊದಲು ಕೇಳಿ' ಎಂದಿದ್ದಾರೆ." — ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನೀವು ಬೈದಿದ್ದು ಸರಿಯಾಗಿಯೇ ಇದೆ. ಹದಿನೇಳು ಸಾವಿರ ದ್ವೀಪಗಳ ದೇಶವನ್ನು ಒಂದು ಈಜುಕೊಳದ ಫೋಟೊದಲ್ಲಿ ಮುಗಿಸಿದ್ದು ನಮ್ಮ ತಪ್ಪೇ. ಆದರೆ ನಿಮ್ಮ ಪಟ್ಟಿ ನೋಡಿ ನನಗೂ ಸ್ವಲ್ಪ ಸಿಟ್ಟು ಬಂತು. ಪಾಠ ಮಾಡಿದವರು ನೀವೇ, ನಿಮಗೆ ನಾನು ಹೇಳಬೇಕಾ? ಆ ದೇಶ ಪಶ್ಚಿಮದ ತುದಿಯಿಂದ ಪೂರ್ವದ ತುದಿಗೆ 5,000 ಕಿಲೋಮೀಟರಿಗೂ ಉದ್ದ. ಗಡಿಯಾರದಲ್ಲೇ ಮೂರು ಕಾಲವಲಯ. ಭೂಪಟದಲ್ಲಿ ಎರಡು ಚುಕ್ಕೆಗಳ ನಡುವೆ ನೀಲಿ ಬಣ್ಣ ಕಂಡರೆ ಅಲ್ಲಿ ಒಂದು ದಿನ ಹೋಯಿತು ಅಂತ ಅರ್ಥ, ಕೆಲವು ಸಲ ಮೂರು ದಿನ.

ಇದು ನನ್ನ ಸ್ವಂತ ಅನುಭವ. ಮೊದಲ ಸಲ ಹೋದಾಗ ನಾನೂ 22 ದಿನಕ್ಕೆ ಏಳು ದ್ವೀಪ ಎಂದು ಹೊರಟಿದ್ದೆ. ಫ್ಲೋರೆಸ್ ದ್ವೀಪದ ಬಂದರೊಂದರಲ್ಲಿ ಅಲೆ ಜಾಸ್ತಿ ಅಂತ ದೋಣಿ ಬಿಡಲಿಲ್ಲ. ಯಾವಾಗ ಬಿಡುತ್ತೀರಿ ಎಂದರೆ ಟಿಕೆಟ್ ಕಿಟಕಿಯವನು ನಗುತ್ತಾ 'ಬೆಸೊಕ್' ಅಂದ. ಬೆಸೊಕ್ ಅಂದರೆ ನಾಳೆ. ಮಾರನೇ ದಿನ ಹೋದೆ, ಮತ್ತೆ ಬೆಸೊಕ್. ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಆ ದೆವ್ವದ ಪಾಡು ನನ್ನದಾಯಿತು. ಮನೆಗೆ ಬಂದು ಡೈರಿ ತೆಗೆದರೆ ಊರುಗಳಿಗಿಂತ ಬಂದರಿನ ಬೆಂಚುಗಳ ಬಗ್ಗೆಯೇ ಹೆಚ್ಚು ಬರೆದಿದ್ದೆ.

ಹಾಗಾಗಿ ಲೇಖನ ಉದ್ದವಾದಾಗ ಮಾಡುವ ಕೆಲಸವನ್ನೇ ನಿಮ್ಮ ಪಟ್ಟಿಗೂ ಮಾಡಿದ್ದೇನೆ. ಕೆಂಪು ಪೆನ್ನು ತೆಗೆದೆ.

ಕೊಮೊಡೊ ಹೊಡೆದು ಹಾಕಿದೆ. ಮೂರು ಮೀಟರ್ ಉದ್ದದ ಉಡವನ್ನು ನೋಡುವ ಆಸೆ ಯಾರಿಗೆ ಇರಲ್ಲ? ಆದರೆ ಅದಕ್ಕಾಗಿ ಇನ್ನೊಂದು ವಿಮಾನ, ಇನ್ನೊಂದು ದೋಣಿ. ಗಿಲಿ ದ್ವೀಪಗಳಲ್ಲಿ ಮೋಟಾರು ವಾಹನಗಳಿಲ್ಲ, ಕುದುರೆಗಾಡಿ ಮತ್ತು ಸೈಕಲ್ ಅಷ್ಟೆ. ಚೆಂದವೇ, ಆದರೆ ಅದು ಹುಡುಗರ ಜಾಗ, ಬಿಡಿ. ಬ್ರೋಮೋ ಮತ್ತು ಇಜೆನ್ ಎರಡೂ ಜ್ವಾಲಾಮುಖಿಗಳು, ಎರಡಕ್ಕೂ ನಡುರಾತ್ರಿ ಏಳಬೇಕು. ಒಂದು ಸಾಕು. ಕಾಲಿಮಾಂತಾನ್, ಅಂದರೆ ನಿಮ್ಮ ಬೋರ್ನಿಯೊ, ಒರಾಂಗುಟಾನ್ ನೋಡಲು ತಾನೇ? ಅದು ಸುಮಾತ್ರಾದಲ್ಲೇ ಆಗುತ್ತದೆ.

ಬಂಡಾ ಹೊಡೆಯುವಾಗ ಮಾತ್ರ ಕೈ ತಡೆಯಿತು. ಒಂದು ಕಾಲಕ್ಕೆ ಜಗತ್ತಿನ ಜಾಯಿಕಾಯಿಯೆಲ್ಲ ಬರುತ್ತಿದ್ದದ್ದು ಆ ಪುಟಾಣಿ ದ್ವೀಪಗಳಿಂದಲೇ. ನಮ್ಮ ಅಜ್ಜಿಯರು ಮಗುವಿಗೆ ತೇಯ್ದು ನೆಕ್ಕಿಸುತ್ತಿದ್ದ ಜಾಯಿಕಾಯಿ. ಅದಕ್ಕಾಗಿ ಡಚ್ಚರು 1621ರಲ್ಲಿ ಅಲ್ಲಿಯ ಜನರಲ್ಲಿ ಬಹುಪಾಲನ್ನು ಕೊಂದರು, ಇಲ್ಲವೇ ಓಡಿಸಿದರು. 1667ರ ಬ್ರೆಡಾ ಒಪ್ಪಂದದಲ್ಲಿ ಅಲ್ಲಿಯ ರುನ್ ಎಂಬ ದ್ವೀಪ ಡಚ್ಚರ ಪಾಲಾಯಿತು, ಅಮೆರಿಕದ ಮ್ಯಾನ್‌ಹ್ಯಾಟನ್ ಇಂಗ್ಲಿಷರ ಪಾಲಾಯಿತು. ಇಷ್ಟೆಲ್ಲ ಇದ್ದರೂ ಅಲ್ಲಿಗೆ ಆಂಬೊನ್ ತನಕ ಹಾರಿ, ಆಮೇಲೆ ಹಡಗಿಗೆ ಕಾಯಬೇಕು. ಇನ್ನೊಂದು ವರ್ಷ ಅದೊಂದಕ್ಕೇ ಹೋಗಿ.

ಉಳಿದದ್ದು ಸುಮಾತ್ರಾ, ಜಾವಾ, ಬಾಲಿ. ಮೂರೇ ದ್ವೀಪ. ಬಾಲಿಯ ಪೂರ್ವ ದಡದಲ್ಲಿ ನಾನು ಗೆರೆ ಎಳೆದು ನಿಲ್ಲಿಸಿದ್ದೇನೆ. ಮತ್ತೆ ನೋಡಿದರೆ ನನಗೇ ನಗು ಬಂತು. ಅದೇ ಜಾಗದಲ್ಲಿ ವಾಲೇಸ್ ಎಂಬ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಗಲೇ ಒಂದು ಗೆರೆ ಎಳೆದಿದ್ದಾನಲ್ಲ! ಬಾಲಿ ಮತ್ತು ಲೊಂಬೊಕ್ ನಡುವೆ ಬರೀ 35 ಕಿಲೋಮೀಟರ್ ಜಲಸಂಧಿ. 1856ರಲ್ಲಿ ಅದನ್ನು ದಾಟಿದ ಆಲ್‌ಫ್ರೆಡ್ ರಸೆಲ್ ವಾಲೇಸ್ ಆಚೆ ದಡದಲ್ಲಿ ಬೇರೆಯದೇ ಹಕ್ಕಿಗಳನ್ನು ಕಂಡ. ಈಚೆ ಏಷ್ಯಾದ ಪ್ರಾಣಿಪಕ್ಷಿ, ಆಚೆ ಆಸ್ಟ್ರೇಲಿಯಾದ ಕಡೆಯ ಕಾಕಟೂ ಗಿಳಿಗಳು. ಹಿಮಯುಗದಲ್ಲಿ ಸಮುದ್ರ ತಗ್ಗಿದಾಗ ಬಾಲಿ ಏಷ್ಯಾಕ್ಕೆ ಅಂಟಿಕೊಂಡಿತ್ತು. ಆದರೆ ಈ ಜಲಸಂಧಿ ಎಷ್ಟು ಆಳ ಅಂದರೆ, ಆಗಲೂ ಬತ್ತಲಿಲ್ಲ. ನೀವು ಆ ದಡದಲ್ಲಿ ನಿಂತು ಆಚೆ ರಿಂಜಾನಿ ಬೆಟ್ಟ ನೋಡಿ ವಾಪಸ್ಸು ಬನ್ನಿ.

ಶುರು ಸುಮಾತ್ರಾದಿಂದ. ಬೆಂಗಳೂರಿನಿಂದ ಕ್ವಾಲಾಲಂಪುರ, ಅಲ್ಲಿಂದ ಮೇಡಾನ್‌ಗೆ ಒಂದು ಗಂಟೆಯ ಹಾರಾಟ. ಮೇಡಾನ್‌ನಲ್ಲಿ ನಿಲ್ಲಬೇಡಿ. ಬುಕಿತ್ ಲಾವಾಂಗ್‌ಗೆ ರಸ್ತೆಯಲ್ಲಿ ನಾಲ್ಕು ಗಂಟೆ. ದಾರಿಯುದ್ದಕ್ಕೂ ತಾಳೆ ತೋಟ. ಅಡಿಕೆ ತೋಟದ ಹಾಗೆ ಸಾಲು ಸಾಲು, ಮುಗಿಯುವುದೇ ಇಲ್ಲ. ನೋಡ್ತಾ ನೋಡ್ತಾ ಬೇಜಾರಾಗುತ್ತದೆ. ಆದರೆ ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ತರಿಸಿಕೊಳ್ಳುವ ದೇಶ ನಮ್ಮದೇ. ನಮ್ಮ ಬೇಕರಿಯ ಖಾರ, ಬಿಸ್ಕತ್ತು ಎಲ್ಲ ಆ ತೋಟದ ಬಾಕಿಯೇ.

ತೋಟ ಮುಗಿದು ನದಿ ದಾಟಿದರೆ ಗುನುಂಗ್ ಲ್ಯೂಸರ್ ರಾಷ್ಟ್ರೀಯ ಉದ್ಯಾನ. ಮಲೆನಾಡಿನವರಿಗೆ ಅಲ್ಲೊಂದು ಅನುಕೂಲ ಇದೆ: ಇಂಬಳ ಕಂಡರೆ ಕಿರುಚುವುದಿಲ್ಲ. ನಮ್ಮ ಗುಂಪಿನಲ್ಲಿದ್ದ ಯುರೋಪಿನ ಹುಡುಗರು ಒಂದೊಂದು ಇಂಬಳಕ್ಕೂ ನಿಂತು ಫೋಟೊ ತೆಗೆಯುತ್ತಿದ್ದರು. ಗೈಡ್ ತನ್ನ ಕಾಲಿಗೆ ನೆನೆಸಿದ ಹೊಗೆಸೊಪ್ಪು ಉಜ್ಜಿಕೊಂಡಿದ್ದ. ನಾನು ಅವನ ಮುಖ ನೋಡಿ ನಕ್ಕೆ, ಅವನೂ ನಕ್ಕ. ಭಾಷೆ ಬೇಕಾಗಲಿಲ್ಲ.

ಎರಡನೇ ದಿನ ಸಂಜೆ ನೋಡಿದ್ದು ಹೇಳುತ್ತೇನೆ. ಒರಾಂಗುಟಾನ್ ತಾಯಿಯೊಂದು ಮರಿಯನ್ನು ಸೊಂಟಕ್ಕೆ ಅಂಟಿಸಿಕೊಂಡು ಮರದ ತುದಿಗೆ ಹತ್ತಿತು. ಒಂದು ಕೊಂಬೆ ಬಾಗಿಸಿ ಕಾಲಡಿ ಒತ್ತಿ ಹಿಡಿಯಿತು. ಇನ್ನೊಂದನ್ನು ಎಳೆದು ಅದರ ಮೇಲೆ ಮಡಿಸಿತು. ಸೊಪ್ಪು ಮುರಿದು ನಡುವೆ ತುರುಕಿತು. ಐದಾರು ನಿಮಿಷಕ್ಕೆ ಹಾಸಿಗೆ ತಯಾರು. ಮಲಗಿ, ಎಲೆಯಿರುವ ಒಂದು ರೆಂಬೆಯನ್ನು ಮೈಮೇಲೆ ಎಳೆದುಕೊಂಡಿತು. ದಿನಾ ಸಂಜೆ ಹೊಸ ಗೂಡು ಕಟ್ಟುವುದು ಅವುಗಳ ರೂಢಿಯಂತೆ. 'ಒರಾಂಗ್ ಹುತಾನ್' ಅಂದರೆ ಕಾಡಿನ ಮನುಷ್ಯ. ಕೆಲವು ಗೈಡುಗಳು ಹಣ್ಣು ತೋರಿಸಿ ಅವುಗಳನ್ನು ಕೆಳಗೆ ಕರೆಯುತ್ತಾರೆ. ಅಂಥವರ ಜೊತೆ ಹೋಗಬೇಡಿ. ನಮ್ಮ ನೆಗಡಿ ಜ್ವರ ಅವಕ್ಕೂ ಹತ್ತುತ್ತದೆ. ನಿಮಗೆ ಶೀತ ಆಗಿದ್ದರೆ ಕಾಡಿಗೆ ಹೋಗುವ ದಿನವನ್ನೇ ಮುಂದೂಡಿ.

ಅಲ್ಲಿಂದ ಟೋಬಾಕ್ಕೆ ಇಡೀ ದಿನದ ಪ್ರಯಾಣ. ಪರಾಪಟ್‌ನಲ್ಲಿ ದೋಣಿ ಹತ್ತಿ, ಸರೋವರದ ನಡುವಿನ ಸಮೋಸಿರ್ ದ್ವೀಪದ ತುಕ್ ತುಕ್ ಎಂಬ ಊರಿನಲ್ಲಿ ಇಳಿಯಿರಿ. ಐದು ದಿನ ಅಲ್ಲೇ ಇರಿ. ನೂರು ಕಿಲೋಮೀಟರ್ ಉದ್ದದ ಆ ಸರೋವರ ಒಂದು ಜ್ವಾಲಾಮುಖಿಯ ಬಾಯಿ ಅಂತ ನೀವೇ ಪಾಠ ಮಾಡಿರುತ್ತೀರಿ. ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ. ಸುಮಾರು 74,000 ವರ್ಷದ ಹಿಂದೆ ಅದು ಸಿಡಿದಾಗ ಹಾರಿದ ಬೂದಿ ನಮ್ಮ ಪಕ್ಕದ ಆಂಧ್ರದ ಜ್ವಾಲಾಪುರಂನಲ್ಲಿ ಈಗಲೂ ಬಿಳಿ ಪದರವಾಗಿ ಬಿದ್ದಿದೆ. ಆ ಪದರದ ಕೆಳಗೂ ಮೇಲೂ ಮನುಷ್ಯರ ಕಲ್ಲಿನ ಉಪಕರಣ ಸಿಕ್ಕವು. ಆ ಉತ್ಖನನದ ತಂಡದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಇದ್ದರು. ದಡದಲ್ಲಿ ಕುಳಿತು ಇದನ್ನು ನೆನೆಸಿಕೊಳ್ಳಿ. ಸದ್ಯಕ್ಕೆ ನೀರು ತಣ್ಣಗಿದೆ, ಈಜಬಹುದು.

ಟೋಬಾದಿಂದ ಜಾವಾದ ಯೋಗ್ಯಕರ್ತಕ್ಕೆ ವಿಮಾನವೇ ಸರಿ. ಸುಮಾತ್ರಾದ ಉದ್ದಕ್ಕೂ ಬಸ್ಸಿನಲ್ಲಿ ಹೋದರೆ ನಿಮ್ಮ ಸೊಂಟ ಉಳಿಯಲ್ಲ. ಯೋಗ್ಯಕರ್ತದ ಹತ್ತಿರ ಬೊರೊಬುದುರ್ ಎಂಬ ದೊಡ್ಡ ಬೌದ್ಧ ಸ್ಮಾರಕವಿದೆ. ಅದರ ಮೇಲೆ ಹತ್ತಲು ಈಗ ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ, ಟಿಕೆಟ್ ಮುಂಚೆಯೇ ಮಾಡಿಸಿ. ಅಲ್ಲಿ ಎಲ್ಲರೂ ಗಂಟೆಯಾಕಾರದ ಸ್ತೂಪಗಳ ಹತ್ತಿರ ಸೆಲ್ಫಿಗೆ ಓಡುತ್ತಾರೆ. ನೀವು ಕೆಳಗಿನ ಮೊಗಸಾಲೆಗಳಲ್ಲಿ ಪ್ರದಕ್ಷಿಣೆ ಹಾಕಿ. 2,672 ಉಬ್ಬುಶಿಲ್ಪದ ಫಲಕಗಳಿವೆ. ಅವುಗಳಲ್ಲಿ ಒಂದು ಹಾಯಿಹಡಗು ಇದೆ, ಹುಡುಕಿ. ಪ್ರಂಬನನ್ ದೇವಾಲಯದಲ್ಲಿ ರಾಮಾಯಣದ ಶಿಲ್ಪಗಳಿವೆ, ಯಾವ ಪ್ರಸಂಗ ಅಂತ ನಿಮಗೆ ಗೈಡ್ ಹೇಳಬೇಕಾಗಿಲ್ಲ.

ಊಟದ ವಿಷಯ ಯೋಗ್ಯಕರ್ತದಲ್ಲೇ ಹೇಳಿಬಿಡುತ್ತೇನೆ. ಅಲ್ಲಿಯ ಹೆಸರಾಂತ ಅಡುಗೆ ಗುದೆಗ್. ಏನು ಗೊತ್ತಾ? ಎಳೆ ಹಲಸಿನಕಾಯಿ! ತೆಂಗಿನ ಹಾಲು, ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿ ಕಂದು ಬಣ್ಣ ಬರಿಸುತ್ತಾರೆ. ತುಂಬಾ ಸಿಹಿ, ಆದರೂ ಹಲಸು ಹಲಸೇ. ಒಂದೇ ತೊಂದರೆ: ಅದರ ಜೊತೆ ಮೊಟ್ಟೆ, ಕೋಳಿ, ಮತ್ತೆ ಕ್ರೆಚೆಕ್ ಎಂಬ ಖಾರದ ಪಲ್ಯ ಬರುತ್ತದೆ. ನೋಡಲು ಹಪ್ಪಳ ನೆನೆಸಿದ ಹಾಗಿರುತ್ತದೆ. ಅದು ದನ ಅಥವಾ ಎಮ್ಮೆಯ ತೊಗಲು. ಬಡಿಸುವ ಮುಂಚೆ ಕೈ ಅಡ್ಡ ಹಿಡಿಯಿರಿ.

'ತಿದಾ ಪಕೈ ದಾಗಿಂಗ್', ಮಾಂಸ ಹಾಕಬೇಡಿ, ಅಂದರೆ ಸಾಲದು. ಅವರ ಲೆಕ್ಕದಲ್ಲಿ ಕೋಳಿ ಮೀನು ಮಾಂಸವಲ್ಲ. ಆಯಮ್, ಇಕಾನ್, ಉಡಂಗ್ ಅಂತ ಕೋಳಿ, ಮೀನು, ಸಿಗಡಿಯನ್ನು ಬಿಡಿಬಿಡಿಯಾಗಿ ಹೇಳಿ. ಕೊನೆಗೆ 'ತೆರಾಸಿ' ಬೇಡ ಅನ್ನಿ. ಅದು ಸಿಗಡಿ ಹುದುಗಿಸಿ ಮಾಡಿದ ಉಂಡೆ, ಚಟ್ನಿಯಲ್ಲೇ ಅಡಗಿರುತ್ತದೆ. ಇಷ್ಟು ಹೇಳಿದ ಮೇಲೆ ತೆಂಪೆ, ತಾಹು (ಸೋಯಾ ಹಾಲಿನ ಪನೀರು), ಗಾದೊ-ಗಾದೊ (ಬೇಯಿಸಿದ ತರಕಾರಿಗೆ ಕಡಲೆಕಾಯಿ ಚಟ್ನಿ) ಎಲ್ಲಾ ಕಡೆ ಸಿಗುತ್ತದೆ. ತೆಂಪೆ ಅಂದರೆ ಸೋಯಾ ಕಾಳು ಹುದುಗಿಸಿದ್ದು, ಹಳ್ಳಿ ಸಂತೆಗಳಲ್ಲಿ ಬಾಳೆಲೆಯಲ್ಲಿ ಸುತ್ತಿ ಮಾರುತ್ತಾರೆ. ನಮ್ಮ ಕೊಟ್ಟೆ ಕಡುಬೇ ಅನ್ನಬೇಕು, ಹಾಗಿರುತ್ತದೆ ನೋಡಲು.

ದೋಸೆ ಮಾತ್ರ ಕೇಳಬೇಡಿ. ಒಂದು ಅಂಗಡಿಯಲ್ಲಿ ನಾನು ಮೆನುವಿನ ಚಿತ್ರ ತೋರಿಸಿ, ನಮ್ಮೂರಲ್ಲಿ ಇದಕ್ಕೆ 'ದೋಸಾ' ಅಂತೀವಿ, ನನಗೆ ಅದು ತುಂಬಾ ಇಷ್ಟ ಅಂದೆ. ಅಜ್ಜಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವರ ಭಾಷೆಯಲ್ಲಿ 'ದೋಸಾ' ಅಂದರೆ ಪಾಪ. ನಮ್ಮ ದೋಷವೇ ಅಲ್ಲಿಗೆ ಹೋಗಿ ಹಾಗಾಗಿದೆ. ಹೆಂಡತಿ 'ಇಸ್ತ್ರಿ', ಗಂಡ 'ಸುಆಮಿ'. ನಿಮ್ಮ ಮನೆಯವರಿಗೆ ಇದನ್ನು ಹೇಳುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು.

ಕಾಫಿಗೆ ಫಿಲ್ಟರ್ ಹುಡುಕಬೇಡಿ. 'ಕೊಪಿ ತುಬ್ರುಕ್' ಅಂದರೆ ಗಾಜಿನ ಲೋಟಕ್ಕೆ ಪುಡಿ, ಸಕ್ಕರೆ ಹಾಕಿ ಕುದಿಯುವ ನೀರು ಸುರಿಯುವುದು. ಗಸಿ ಇಳಿಯುವ ತನಕ ಕಾಯಬೇಕು, ಕೊನೆಯ ಗುಟುಕು ಬಿಡಬೇಕು. ಜಾವಾಕ್ಕೆ ಡಚ್ಚರು ಕಾಫಿ ಗಿಡ ಒಯ್ದದ್ದು ನಮ್ಮ ಮಲಬಾರಿನಿಂದ, 1696ರಲ್ಲಿ. ಹಾಗಾಗಿ ಸ್ವಲ್ಪ ಹಕ್ಕಿನಿಂದಲೇ ಕುಡಿಯಬಹುದು.

ಯೋಗ್ಯಕರ್ತದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಜಾವಾದ ಪೂರ್ವ ತುದಿ ಕೆತಾಪಾಂಗ್. ಇಡೀ ದಿನ ಗದ್ದೆ ಮತ್ತು ಬೆಟ್ಟ. ಅಲ್ಲಿಂದ ಇಜೆನ್. ಮಂಡಿ ಗಟ್ಟಿಯಿದ್ದರೆ ಹತ್ತಿ. ರಾತ್ರಿ ಗಂಧಕದ ಅನಿಲ ನೀಲಿಯಾಗಿ ಉರಿಯುತ್ತದೆ. ಆ ಹೊಗೆಯಲ್ಲೇ ಗಣಿಯವರು ಎಪ್ಪತ್ತು ಎಂಬತ್ತು ಕಿಲೋ ಹಳದಿ ಗಂಧಕವನ್ನು ಬಿದಿರು ಬುಟ್ಟಿಗಳಲ್ಲಿ ಹೆಗಲ ಮೇಲೆ ಹೊತ್ತು ಮೇಲೆ ಬರುತ್ತಾರೆ. ಅವರು ಬಂದಾಗ ದಾರಿ ಬಿಡಿ, ಫೋಟೊಕ್ಕೆ ನಿಲ್ಲಿಸಬೇಡಿ. ಆಮೇಲೆ ಬಾಲಿಗೆ ದೋಣಿ, ಮುಕ್ಕಾಲು ಗಂಟೆ. ಆದರೆ ಇಳಿದಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ಬಾಲಿಯಲ್ಲಿ ಪೂರ್ವದ ಪಾಡಂಗ್‌ಬಾಯ್ ಕಡೆ ಉಳಿಯಿರಿ. ಬೆಂಗಳೂರಿಗೆ ಡೆನ್ಪಸಾರ್‌ನಿಂದ ನೇರ ವಿಮಾನ ಇದೆ.

ದುಡ್ಡು. ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ, 30 ದಿನಕ್ಕೆ 5,00,000 ರುಪಿಯಾ. ಬಾಲಿಯಲ್ಲಿ ಪ್ರವಾಸಿ ತೆರಿಗೆ ಅಂತ ಮೇಲೆ 1,50,000. ಗಾಬರಿಯಾಗಬೇಡಿ, ನಮ್ಮ ಒಂದು ರೂಪಾಯಿಗೆ ಅವರ 180ಕ್ಕೂ ಹೆಚ್ಚು ಬರುತ್ತದೆ. ಅವಧಿ ಮೀರಿದರೆ ದಿನಕ್ಕೆ ಹತ್ತು ಲಕ್ಷ ರುಪಿಯಾ ದಂಡ, ಬಂದ ದಿನವೂ ಲೆಕ್ಕಕ್ಕೆ ಸೇರುತ್ತದೆ. ದುಡ್ಡು ಬದಲಿಸುವಾಗ ಹುಷಾರು. ಬಾಲಿಯ ಒಂದು ಸಣ್ಣ ಕಿಂಡಿಯಲ್ಲಿ ರೇಟು ಜಾಸ್ತಿ ಎಂದು ನಾನು ಆಸೆಪಟ್ಟೆ. ಅವನು ನನ್ನ ಎದುರಿಗೇ ಸಣ್ಣ ನೋಟುಗಳನ್ನು ಎಣಿಸಿದ, ನಾನೂ ಎಣಿಸಿದೆ, ಸರಿ ಇತ್ತು. 'ಕೊಡಿ, ನೀಟಾಗಿ ಜೋಡಿಸಿ ಕೊಡ್ತೀನಿ' ಎಂದು ವಾಪಸ್ ತೆಗೆದುಕೊಂಡ. ರೂಮಿಗೆ ಬಂದು ನೋಡಿದರೆ ಹತ್ತು ನೋಟು ಮೇಜಿನ ಆಚೆಗೇ ಉಳಿದಿದ್ದವು. ನೀವು ಎಣಿಸಿದ ಮೇಲೆ ದುಡ್ಡು ಮತ್ತೆ ಅವನ ಕೈಗೆ ಹೋಗಬಾರದು.

ಸ್ಕೂಟರ್ ಬಾಡಿಗೆಗೆ ಕೊಡ್ತೀವಿ ಅಂತ ಎಲ್ಲರೂ ಕರೆಯುತ್ತಾರೆ. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸದೆ ಮುಟ್ಟಬೇಡಿ, ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ. ಮೇ, ಜೂನ್ ಅಥವಾ ಸೆಪ್ಟೆಂಬರ್ ಹೋಗಿ. ಚೀಲ ಎಂಟು ಕಿಲೋ ದಾಟದಿರಲಿ. ಅದರಲ್ಲಿ ಎರಡು ಪಂಚೆ ಇರಲಿ, ಬಾಲಿಯ ಗುಡಿಗೂ ಆಗುತ್ತದೆ, ದೋಣಿಯಲ್ಲಿ ಹೊದೆಯಲೂ ಆಗುತ್ತದೆ.

ಇನ್ನು ನಿಮ್ಮ ಮನೆಯವರ ಪ್ರಶ್ನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆ ಪ್ರಶ್ನೆ ಅದೇ. ಅಗ್ಗದ ವಸತಿಗಳಲ್ಲಿ ಬಚ್ಚಲು ಥೇಟ್ ನಮ್ಮದೇ ಥರ. ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ, ಅದರಲ್ಲಿ ನೀರು, ಮೇಲೊಂದು ಪ್ಲಾಸ್ಟಿಕ್ ಮಗ್ಗು. ಮೊಗೆದು ಹುಯ್ದುಕೊಳ್ಳಬೇಕು. ಯುರೋಪಿನವರು ತೊಟ್ಟಿಯೊಳಗೇ ಇಳಿದು ವಸತಿಯವರ ಹತ್ತಿರ ಬೈಸಿಕೊಳ್ಳುತ್ತಾರೆ. ನಿಮ್ಮಿಂದ ಆ ತಪ್ಪು ಆಗಲ್ಲ. ಆದರೆ ಹಂಡೆ ಇರಲ್ಲ, ಬಿಸಿನೀರು ಇರಲ್ಲ. ಟೋಬಾ 900 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಆ ನೀರು ಮೈಮೇಲೆ ಬಿದ್ದರೆ ಎದೆ ಝಲ್ ಅನ್ನುತ್ತದೆ. ಇದನ್ನು ಟಿಕೆಟ್ ಮಾಡಿಸುವ ಮುಂಚೆಯೇ ಅವರಿಗೆ ಹೇಳಿಬಿಡಿ.